ಗದಿಗೆಪ್ಪ ಇಟ್ಟ ಹೊಸ್ತಿಲು

ಗದಿಗೆಪ್ಪನಿಗೆ ಊಟಕ್ಕೆ ಕೂತಾಗ ಯಾರಾದರೂ ಹೊಸ ವಿಷಯ ತೆಗೆದರೆ ಆಗುತ್ತಿರಲಿಲ್ಲ. ಹೆಂಡತಿ ರುದ್ರಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಹೊಸ ವಿಷಯಗಳನ್ನೆಲ್ಲ ಊಟದ ಹೊತ್ತಿಗೇ ತೆಗೆಯುತ್ತಿದ್ದಳು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡ ಗಂಡಸು ತಕ್ಷಣಕ್ಕೆ ಬೈಯಲಾರ ಎಂಬುದು ಅವಳ ಅನುಭವ.

"ಸಾಲೀ ಕೆಲಸಕ್ಕ ಗೌಂಡಿ ಬೇಕಾಗ್ಯಾನ್ರಿ," ಎಂದಳು, ಅವನ ತಟ್ಟೆಗೆ ಶೇಂಗಾ ಚಟ್ನಿ ಹಾಕುತ್ತ. "ಕಂಟ್ರಾಕ್ಟರ್ ಮಂದಿ ಅರ್ಧಕ್ಕ ಬಿಟ್ಟು ಹೋದ್ರು. ನಮ್ಮ ಮನ್ಯಾಗ ಒಬ್ಬರು ಅದಾರ ಅಂತ ಮೀಟಿಂಗಿನ್ಯಾಗ ಹೇಳಿ ಬಂದೀನಿ."

ಗದಿಗೆಪ್ಪ ಕಷ್ಟಪಟ್ಟು ನುಂಗಿದ. "ಯಾರದಾರ ನಮ್ಮ ಮನ್ಯಾಗ?"

"ನೀವ ಮತ್ತ."

"ನನ್ನ ಕೇಳಿದ್ಯೇನು?"

"ಈಗ ಕೇಳಾಕತ್ತೀನಲ್ಲ."

"ಕೇಳಾಕತ್ತಿಲ್ಲಪ, ಹೇಳಾಕತ್ತಾಳ," ಎಂದಳು ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಬಸಕ್ಕ.

ಬೆಂಗಳೂರಿನವರು ಮೇಸ್ತ್ರಿ ಎನ್ನುವವನನ್ನು ಗದಿಗೆಪ್ಪನ ಯಲಬುರ್ಗಾ ಸೀಮೆಯಲ್ಲಿ ಗೌಂಡಿ ಎನ್ನುತ್ತಾರೆ, ಶಾಲೆಯನ್ನು ಸಾಲಿ. ಗದಿಗೆಪ್ಪ ಸರ್ಜಾಪುರದ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಗೌಂಡಿ. ರುದ್ರಮ್ಮ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಬೇಗೂರಿನ ಒಳರಸ್ತೆಯ ವಠಾರವೊಂದರಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ. ಬಚ್ಚಲು, ಕಕ್ಕಸು ಹೊರಗೆ, ವಠಾರಕ್ಕೆಲ್ಲ ಸೇರಿ. ಬಸಕ್ಕ ಊರು ಬಿಟ್ಟು ಬಂದದ್ದೇ ಮೊಮ್ಮಗಳು ಸ್ಫೂರ್ತಿಗಾಗಿ. ಒಂಬತ್ತು ವರ್ಷದ ಸ್ಫೂರ್ತಿಗೆ ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಲವಿಲ್ಲ. ಆ ಬಲವೆಲ್ಲ ಬಾಯಿಗೆ ಬಂದಿದೆ ಎಂದು ವಠಾರದವರು ಹೇಳುತ್ತಿದ್ದರು.

ಅವಳ ಹೆಸರು ಸರ್ಕಾರಿ ಶಾಲೆಯಲ್ಲಿತ್ತು, ಅವಳು ಇರಲಿಲ್ಲ. ವಾರಕ್ಕೊಮ್ಮೆ ಒಬ್ಬ ಮೇಷ್ಟ್ರು ಮನೆಗೇ ಬಂದು ಪಾಠ ಹೇಳಿ, ಬಸಕ್ಕ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಹೆಸರಿದ್ದ ಕಾರಣಕ್ಕೆ ರುದ್ರಮ್ಮ ಶಾಲಾ ಸಮಿತಿಗೆ ಸೇರಿದ್ದಳು. ಮೀಟಿಂಗಿಗೆಂದು ರಜೆ ಹಾಕಲು ಬೇರೆ ಯಾವ ತಾಯಿಯೂ ಒಪ್ಪದ ಕಾರಣಕ್ಕೆ ಉಪಾಧ್ಯಕ್ಷೆಯೂ ಆಗಿದ್ದಳು.

ಶಾಲೆಯ ಹಳೆಯ ಕಟ್ಟಡ ಕಲ್ಲಿನದು, ಹೆಂಚಿನದು. ಸೋರಿ ಸೋರಿ ಅದಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಒಡೆದುಹಾಕಿ ಎಂದವರೇ ಹೆಚ್ಚು. ಮುಖ್ಯೋಪಾಧ್ಯಾಯಿನಿ ಶಿವಗಂಗಾ ಮೇಡಂ ಮಾತ್ರ ಒಡೆಯಲು ಬಿಡದೆ, ಕಂಪನಿಯಿಂದ ಕಂಪನಿಗೆ ಅಲೆದು, ಕೊನೆಗೆ ಒಂದನ್ನು ದುರಸ್ತಿಯ ಖರ್ಚಿಗೆ ಒಪ್ಪಿಸಿದ್ದರು. ಯೋಜನೆ ಹೀಗೆ: ಹಗಲು ಅಲ್ಲಿ ತರಗತಿ. ಸಂಜೆ ವಠಾರದ ಹೆಂಗಸರಿಗೆ ಹೊಲಿಗೆ, ಓದುಬರಹ ಬಾರದ ಕೂಲಿಯವರಿಗೆ ಅಕ್ಷರ, ಮನೆಯಲ್ಲಿ ಪುಸ್ತಕ ಬಿಚ್ಚಲು ಜಾಗವಿಲ್ಲದ ಮಕ್ಕಳಿಗೆ ಮೇಜು, ದೀಪ. ರುದ್ರಮ್ಮ ಅದಕ್ಕೆ ತನ್ನದೊಂದು ಮಾತು ಸೇರಿಸಿದ್ದಳು: ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಬೇಕು, ಗಾಲಿಕುರ್ಚಿ ಹೋಗುವಂಥ ಕಕ್ಕಸು ಬೇಕು, ಬಾಗಿಲು ತೆರೆದ ದಿನ ನನ್ನ ಮಗಳು ತಾನಾಗಿ ಒಳಗೆ ಹೋಗಬೇಕು.

ಈ ಕೊನೆಯ ಮಾತೇ ಮನೆಯಲ್ಲಿ ಜಗಳಕ್ಕೆ ಕಾರಣ.

"ಅಷ್ಟು ಹುಡುಗರ ನಡುವ ಯಾರರ ದಬ್ಬಿದ್ರ ಏನ ಮಾಡ್ತಿ?" ಎಂದು ಬಸಕ್ಕ ಅಂದೂ ಶುರು ಮಾಡಿದಳು. "ಎತ್ತಿ ಎತ್ತಿ ನನ್ನ ನಡ ಬಿದ್ದೈತಿ. ಆದ್ರೂ ಬ್ಯಾಡಂತೀನಿ. ಕೂಸು ಮನ್ಯಾಗ ಸುಖದಾಗ ಐತಿ."

"ಆಯಿ, ನಿಂಗ ಸುಖ. ನಂಗ ಬೋರು," ಎಂದಳು ಸ್ಫೂರ್ತಿ. ಆಮೇಲೆ ಅಪ್ಪನ ಕಡೆ ತಿರುಗಿ, "ಅಪ್ಪಾ, ನೀ ಕಟ್ಟಿದ್ದ ಬಿಲ್ಡಿಂಗ್ ನಾ ಒಂದರ ನೋಡೀನೇನು?" ಎಂದಳು.

ಗದಿಗೆಪ್ಪ ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯನ್ನು ಸಣ್ಣಗೆ ಮುರಿಯತೊಡಗಿದ. ಅವನು ಕಟ್ಟಿದ ಕಟ್ಟಡಗಳ ಗೇಟಿನಲ್ಲಿ, ಕೆಲಸ ಮುಗಿದ ಮರುದಿನದಿಂದ, ವಾಚ್‌ಮನ್ ಅವನನ್ನೂ ಒಳಗೆ ಬಿಡುತ್ತಿರಲಿಲ್ಲ. ದಸರಾ ರಜೆ ಮುಗಿಯುವವರೆಗೆ ಸರ್ಜಾಪುರದ ಕೆಲಸಕ್ಕೆ ಬರುವುದಿಲ್ಲ ಎಂದು ಅವನು ಮರುದಿನ ಹೇಳಿ ಬಂದ.

ಕೆಲಸಕ್ಕೆ ನಿಂತ ಮೇಲೆ ಗದಿಗೆಪ್ಪ ಬೇರೆಯೇ ಮನುಷ್ಯ. ಮಾಡಿನ ಹೆಂಚು ಇಳಿಸಿ ಹತ್ತಿಸುವುದನ್ನು ಬಡಗಿಗಳು ನೋಡಿಕೊಂಡರು. ಗೋಡೆ, ನೆಲ, ಇಳಿಜಾರು ಅವನ ಪಾಲಿಗೆ. ಹಾಲಿಗೆ ಕೆಂಪು ಆಕ್ಸೈಡ್ ನೆಲ ಹಾಕಿ, ಮೊಣಕಾಲೂರಿ ತಿಕ್ಕಿ, ಮುಖ ಕಾಣುವಂತೆ ಹೊಳಪು ತಂದ. ಆ ನೆಲದ ಮೇಲೆ ಹೆಜ್ಜೆಗುರುತು ಕಂಡರೆ ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಶಿವಗಂಗಾ ಮೇಡಂ ಚಪ್ಪಲಿ ಹಾಕಿಕೊಂಡೇ ಬಂದರು. "ಮೇಡಂ, ಇದು ನೆಲಾ ಅಲ್ರಿ, ಕನ್ನಡಿ ಐತಿ," ಎಂದು ಗದಿಗೆಪ್ಪ ಅಲ್ಲಿಯೇ ತಡೆದ. ಮೇಡಂ ಸುಮ್ಮನೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೋದರು.

ಕಂಪನಿಯ ಕಡೆಯಿಂದ ಕಾವ್ಯಾ ಎಂಬ ಎಂಜಿನಿಯರ್ ಹುಡುಗಿ ಬರುತ್ತಿದ್ದಳು. ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ಅವಳು, "ಅಣ್ಣ, ಬಾಗಿಲ ಹತ್ರ ಫ್ಲೋರು ಪೂರ್ತಿ ಲೆವೆಲ್ ಬರ್ಬೇಕು, ಮರೀಬೇಡಿ," ಎಂದಳು. "ಆತ್ರಿ ಮೇಡಂ," ಎಂದ ಗದಿಗೆಪ್ಪ. ಎಂಜಿನಿಯರುಗಳು ಏನೇ ಹೇಳಿದರೂ ಅವನು ಹೇಳುತ್ತಿದ್ದದ್ದು ಅದೇ.

ಅದೇ ವಾರ ಸೊಣ್ಣಪ್ಪ ಬಂದ. ಆ ಶಾಲೆಯ ಜಾಗ ಸೊಣ್ಣಪ್ಪನ ತಂದೆ ಬರೆದುಕೊಟ್ಟಿದ್ದು. ಅವನು ಓದಿದ್ದೂ ಅಲ್ಲೇ. ತನ್ನ ಹಳೇ ಮನೆ ಕೆಡವಿ ಪಿ.ಜಿ. ಕಟ್ಟಿಸಿದ್ದ. ಪಂಚೆ ಮೇಲೆತ್ತಿ ಕಟ್ಟಿ ಗೋಡೆಗಳನ್ನೆಲ್ಲ ಬಡಿದು ನೋಡಿ, "ಮೇಸ್ತ್ರಿ, ನಮ್ ತಾತನ ಮನೆ ಒಸ್ಲು ಕಲ್ಲು ಇತ್ಲಲ್ಲಿ ಬಿದ್ದದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣಪ್ಪಾ. ಇಸ್ಕೂಲಿಗೆ ಆಯ್ತದಾ ನೋಡು," ಎಂದ.

ಗದಿಗೆಪ್ಪ ಹೋಗಿ ನೋಡಿದ. ಕರಿಕಲ್ಲು, ಒಂದೇ ತುಂಡು, ನಡುವೆ ಪದ್ಮ ಕೆತ್ತಿದ್ದು, ಕಾಲ ತುಳಿತಕ್ಕೆ ನಯವಾಗಿದ್ದು. ಅವನ ಕೈಗೆ ಅಂಥ ಕಲ್ಲು ಬೆಂಗಳೂರಿಗೆ ಬಂದ ಮೇಲೆ ಸಿಕ್ಕಿರಲಿಲ್ಲ. ಹೊಸ್ತಿಲಿಲ್ಲದ ಕಟ್ಟಡ ಗೋದಾಮು ಎಂದು ಅವನ ನಂಬಿಕೆ. ಓದುವ ಮಕ್ಕಳ ಮನೆಯನ್ನು ಅವನು ಗೋದಾಮು ಮಾಡುವುದೇ? ಅವರ ಕಡೆ ಹೊಸ್ತಿಲು ಇಡುವ ದಿನ ಗೌಂಡಿಗೆ ಶಾಲು ಹೊದಿಸಿ ಆಯೇರಿ, ಅಂದರೆ ಉಡುಗೊರೆಯ ಮರ್ಯಾದೆ, ಮಾಡುತ್ತಾರೆಂದು ಮಾತಿನ ನಡುವೆ ಸೊಣ್ಣಪ್ಪನಿಗೆ ಹೇಳಿಯೂ ಬಿಟ್ಟ.

ಮರುದಿನ ಸೊಣ್ಣಪ್ಪ ತೆಂಗಿನಕಾಯಿ, ಅರಿಶಿನ, ಒಂದು ಶಾಲು ತಂದ. ಕಲ್ಲನ್ನು ಬಾಗಿಲಲ್ಲಿ ಗೇಣೆತ್ತರಕ್ಕೆ ಕೂರಿಸಿ ಪೂಜೆ ಮಾಡಿದರು. ಕೆಲಸದವರೆಲ್ಲ ನಿಂತು ನೋಡುತ್ತಿರುವಾಗ ಸೊಣ್ಣಪ್ಪ ಗದಿಗೆಪ್ಪನಿಗೆ ಶಾಲು ಹೊದಿಸಿ ಕೈಮುಗಿದ. ಈ ಊರಿನಲ್ಲಿ ಅಷ್ಟು ವರ್ಷ ಗೋಡೆ ಎಬ್ಬಿಸಿದವನಿಗೆ ಯಾರೂ ಹೀಗೆ ಕೈಮುಗಿದಿರಲಿಲ್ಲ. ಸಂಜೆ ಅವನು ಶಾಲು ಹೊದ್ದೇ ವಠಾರದೊಳಗೆ ನಡೆದು ಬಂದ, ಬೇಕೆಂದೇ ನಿಧಾನವಾಗಿ. ಬಸಕ್ಕ ಗೋಧಿ ಹುಗ್ಗಿ ಮಾಡಿದಳು. ಕಲ್ಲನ್ನು ಇನ್ನೂ ನೋಡಿರದ ರುದ್ರಮ್ಮನಿಗೂ ಹೆಮ್ಮೆಯೇ. ಗಂಡನಿಗೆ ಎರಡು ಸಲ ತುಪ್ಪ ಹಾಕಿದಳು.

ಭಾನುವಾರ ಸ್ಫೂರ್ತಿಯನ್ನು ಕಟ್ಟಡ ತೋರಿಸಲು ಕರೆದೊಯ್ದರು. ಅವಳು ಇಳಿಜಾರಿನ ಬುಡದಲ್ಲಿ, "ಯಾರೂ ಮುಟ್ಟಬ್ಯಾಡ್ರಿ," ಎಂದು ಎಲ್ಲರ ಕೈ ಬಿಡಿಸಿ, ಎರಡೂ ಕೈಯಿಂದ ಚಕ್ರ ತಿರುಗಿಸುತ್ತ ಏರಿದಳು. ಏದುಸಿರು ಬಂದರೂ ನಿಲ್ಲಲಿಲ್ಲ. ಮೇಲೆ ಮುಟ್ಟಿ, ತಿರುಗಿ ನಕ್ಕು, ಬಾಗಿಲಿಗೆ ಹೋದಳು. ಗಾಲಿ ಕಲ್ಲಿಗೆ ತಾಗಿ ನಿಂತಿತು.

ಒಮ್ಮೆ ಹಿಂದೆ ಬಂದು ಜೋರಾಗಿ ನೂಕಿದಳು. ಮತ್ತೆ ನಿಂತಿತು.

ಗದಿಗೆಪ್ಪ ಓಡಿ ಹೋಗಿ ಅವಳ ಕಂಕುಳಿಗೆ ಕೈಹಾಕಿದ. ವಠಾರದ ಬಾಗಿಲಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೊಸ್ತಿಲು ಮೆಟ್ಟಿಲು ಬಂದರೂ ಅವನು ಮಗಳನ್ನು ಹೀಗೇ ಎತ್ತಿ ದಾಟಿಸಿದವನು. ಎಷ್ಟು ಅಭ್ಯಾಸವಾಗಿತ್ತೆಂದರೆ, ಕಲ್ಲು ಕೂರಿಸುವಾಗ ಇದು ಮಗಳಿಗೆ ಅಡ್ಡ ಎಂಬುದೇ ಅವನ ತಲೆಗೆ ಬಂದಿರಲಿಲ್ಲ.

"ಎತ್ತಬ್ಯಾಡ ಅಪ್ಪಾ," ಎಂದಳು ಸ್ಫೂರ್ತಿ. "ನೀ ದಿನಾ ಬರ್ತೀಯೇನು ಎತ್ತಾಕ?"

ಅವನು ಕೈ ತೆಗೆದ. ರುದ್ರಮ್ಮ ಹೊಸ್ತಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಆ ನೋಟ ಗದಿಗೆಪ್ಪನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮನೆ ಮುಟ್ಟಿದ ಮೇಲೆ ಬೈಗುಳವೂ ಬಂತು.

"ಇಡೀ ಸಾಲಿ ಯಾರ ಸಂಬಂಧ ಬಡಿದಾಡಿದೆ ನಾನು? ಮೀಟಿಂಗಿನ್ಯಾಗ ಬಾಯಿ ನೋವು ಮಾಡ್ಕೊಂಡು ಜಾರುದಾರಿ ಮಾಡಿಸಿದೆ. ನೀವು ಅದರ ತುದೀಗೆ ಕಲ್ಲು ತಂದಿಟ್ರಿ!"

"ಬೇಕಂತ ಇಟ್ಟೆನೇನು?"

"ಬೇಕಂತ ಇಟ್ಟಿದ್ರ ಬೈದು ಬಿಡ್ತಿದ್ದೆ. ನೆನಪ ಆಗಲಿಲ್ಲಲ್ಲ ನಿಮಗ, ಅದಕ್ಕ ಹೊಟ್ಟಿ ಉರೀತೈತಿ. ಕೀಳ್ರಿ ಅದನ್ನ."

"ಪೂಜಿ ಮಾಡಿ ಇಟ್ಟ ಹೊಸ್ತಿಲಾ ಕೀಳತಾರೇನು?" ಎಂದು ಬಸಕ್ಕ ನಡುವೆ ಬಂದಳು. "ಒಳ್ಳೇದಲ್ಲವಾ ಅದು."

"ಹಿರೇರು ಕೊಟ್ಟ ಕಲ್ಲದು," ಎಂದ ಗದಿಗೆಪ್ಪ. "ಶಾಲು ಹೊದಿಸ್ಕೊಂಡು, ಈಗ ಬ್ಯಾಡ್ರಿ ತಗೋರಿ ಅನ್ನಲೇನು? ಹಲಗಿ ಮಾಡಿ ಕೊಡ್ತೀನಿ. ಹೊಸ್ತಿಲ ಮ್ಯಾಲ ಹಾಕೂದು, ದಾಟೂದು, ತಗಿಯೂದು."

ಮಾತಿನಂತೆ ಚೆಂದದ ಹಲಗೆಯನ್ನೂ ಮಾಡಿಸಿದ. ಸ್ಫೂರ್ತಿ ಅದರ ಮೇಲೆ ಕೈಯಾಡಿಸಿದಳು. "ಇದನ್ನ ಹಾಕವ್ರು ಯಾರಪ್ಪಾ?"

"ಯಾರರ ಹಾಕ್ತಾರ."

"ಅವರು ಬರೂಮಟ ನಾ ಹೊರಗ ಕುಂದ್ರಬೇಕು. ಒಳಗಿದ್ರ ಒಳಗ ಕುಂದ್ರಬೇಕು."

ಗದಿಗೆಪ್ಪನಿಗೆ ಸಿಟ್ಟು ಬಂತು. ಒಂಬತ್ತು ವರ್ಷದವಳು ತಪ್ಪು ಎತ್ತಿ ತೋರಿಸಿದರೆ ಯಾವ ತಂದೆಗೂ ಸಿಟ್ಟು ಬರುತ್ತದೆ. ಹಲಗೆಯನ್ನು ಗೋಡೆಗೆ ಒರಗಿಸಿ ಸರ್ಜಾಪುರದ ಕೆಲಸಕ್ಕೇ ಹೊರಟುಹೋದ. ಹಬ್ಬ ಮುಗಿಸಿ ಬಂದ ಕಾವ್ಯಾ ಬಾಗಿಲು ನೋಡಿ ತಲೆಯ ಮೇಲೆ ಕೈ ಇಟ್ಟಳಂತೆ. ಶಿವಗಂಗಾ ಮೇಡಂ ಫೋನು ಮಾಡಿದರೆ ಅವನು ಎತ್ತಲಿಲ್ಲ. ಮನೆಯಲ್ಲಿ ರುದ್ರಮ್ಮ ಅವನ ತಟ್ಟೆ ಇಟ್ಟು ಬೇರೆ ಕಡೆ ತಿರುಗಿ ಕೂರುತ್ತಿದ್ದಳು. ಹೊಸ ವಿಷಯ ಯಾರೂ ತೆಗೆಯುತ್ತಿರಲಿಲ್ಲ. ಊಟ ರುಚಿಸಲಿಲ್ಲ.

ಹೀಗಿರುವಾಗ ಬಸಕ್ಕ ಬಿದ್ದಳು. ಸ್ಫೂರ್ತಿಯನ್ನು ಎತ್ತಿಕೊಂಡು ಕಕ್ಕಸಿಗೆ ಒಯ್ಯುವಾಗ ಮನೆಯ ಹೊಸ್ತಿಲಿಗೇ ಎಡವಿದಳು. ಮೊಮ್ಮಗಳನ್ನು ನೆಲಕ್ಕೆ ತಾಗಗೊಡದೆ ತಾನು ಕೆಳಗೆ ಬಿದ್ದಿದ್ದಕ್ಕೆ ಬಲಗೈ ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದವಳು, "ಕೂಸಿಗೆ ಏನೂ ಆಗಿಲ್ಲ ನೋಡ್ರಿ," ಎಂದು ವಠಾರಕ್ಕೆಲ್ಲ ಹೇಳಿಕೊಂಡಳು. ರುದ್ರಮ್ಮನಿಗೆ ಕ್ಯಾಂಟೀನಿನಲ್ಲಿ ರಜೆ ಸಿಗಲಿಲ್ಲ. ಗದಿಗೆಪ್ಪ ಮನೆಯಲ್ಲಿ ಉಳಿದ.

ಅನ್ನಕ್ಕಿಟ್ಟ, ಪಾತ್ರೆ ತೊಳೆದ, ತಾಯಿಗೆ ಕೂದಲು ಬಾಚಿದ. ಮಧ್ಯಾಹ್ನ ಬಸಕ್ಕ ಮಾತ್ರೆ ನುಂಗಿ ನಿದ್ದೆ ಹೋದಾಗ, ಇನ್ನಷ್ಟು ಮಾತ್ರೆ ತರಲು ಅಂಗಡಿಗೆ ಹೋದ. ದಾರಿಯಲ್ಲಿ ಊರಿನವನೊಬ್ಬ ಸಿಕ್ಕ. ಚಹಾ ಆಯಿತು, ಮಳೆ ಬೆಳೆ ಆಯಿತು, ಊರ ಸುದ್ದಿಯೆಲ್ಲ ಆಯಿತು.

ವಾಪಸು ಬಂದಾಗ ಸ್ಫೂರ್ತಿ ಗಾಲಿಕುರ್ಚಿಯಲ್ಲಿ ಬಾಗಿಲ ಒಳಗೆ ಕೂತಿದ್ದಳು. ಕುರ್ಚಿಯ ಮುಂದಿನ ಗಾಲಿ ಹೊಸ್ತಿಲಿಗೆ ತಾಗಿತ್ತು. ಲಂಗ ಒದ್ದೆಯಾಗಿತ್ತು, ಕೆಳಗೆ ನೆಲವೂ ಒದ್ದೆ. ಅವಳು ಅಳುತ್ತಿರಲಿಲ್ಲ. ಅವನ ಮುಖ ನೋಡದೆ, "ಆಯಿ ಮಲಗಿದ್ಲು, ಎಬ್ಬಿಸಲಿಲ್ಲ," ಎಂದಳು. "ನೀ ಈಗ ಬರ್ತಿ ಅಂತ ಕುಂತಿದ್ದೆ."

ಊರೆಲ್ಲ ಕೇಳುವಂತೆ ಮಾತಾಡುವ ಹುಡುಗಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಗದಿಗೆಪ್ಪ ಕೇಳಿರಲಿಲ್ಲ. ಅವಳಿಗೆ ಸ್ನಾನ ಮಾಡಿಸಿ, ಬೇರೆ ಬಟ್ಟೆ ಹಾಕಿ, ನೆಲ ಒರೆಸಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ರುದ್ರಮ್ಮ ಪಾಳಿ ಮುಗಿಸಿ ಬರುತ್ತಲೇ ಶಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡು ಸೊಣ್ಣಪ್ಪನ ಮನೆಗೆ ಹೊರಟ.

ಸೊಣ್ಣಪ್ಪ ಪಿ.ಜಿ. ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಗದಿಗೆಪ್ಪ ಶಾಲನ್ನು ಅವನ ಮುಂದೆ ಇಟ್ಟ.

"ಸಾವ್ಕಾರ್ರ, ಇದನ್ನ ತಗೋರಿ. ಆ ಹೊಸ್ತಿಲಾ ನಾ ತಗೀಬೇಕು. ನನ್ನ ಮಗಳಿಗೆ ಅದು ದಾಟಾಕ ಆಗೂದಿಲ್ಲ."

ಸೊಣ್ಣಪ್ಪನ ಮುಖ ಕೆಂಪಾಯಿತು. "ಏನಂದೆ? ನಮ್ ತಾತ ಮಡಗಿದ್ ಕಲ್ಲು ಕಣಯ್ಯಾ ಅದು! ಪೂಜೆ ಮಾಡ್ಬುಟ್ಟು ಈಗ ಕೀಳ್ತೀನಿ ಅಂತೀಯಲ್ಲ, ಆಟವಾ?"

"ತಪ್ಪು ನಂದರಿ. ಬೈರಿ. ಆದ್ರ ತಗೀತೀನಿ."

ಸೊಣ್ಣಪ್ಪ ಎದ್ದು ಕಟ್ಟೆಯ ಅಂಚಿಗೆ ಹೋದ. ಎಲೆಅಡಿಕೆ ಉಗುಳಿ ಬಂದು ಮತ್ತೆ ಕೂತ.

"ನಮ್ಮವ್ವ," ಎಂದ. "ಸೊಂಟ ಮುರ್ಕೊಂಡ್ ಮೇಲೆ ಆ ಒಸ್ಲು ಒಳಗೇ ಕುಂತಿದ್ಲು, ಸಾಯೋಗಂಟ. ಅಟ್ಟಿ ಮುಂದ್ಗಡೆ ಕಡ್ಲೇಕಾಯಿ ಒಣಗಾಕಿದ್ರೆ ಒಳಗಿಂದ್ಲೇ ಕೋಳಿ ಓಡ್ಸೋಳು. ನಾವು ನಗ್ತಿದ್ವಿ. ಒಂದಿನಾನೂ ಯಾರೂ ಎತ್ಕೊಂಡೋಗಿ ಬಿಸ್ಲಲ್ಲಿ ಕುಂಡ್ರಿಸ್ಲಿಲ್ಲ." ಶಾಲನ್ನು ಎತ್ತಿ ಗದಿಗೆಪ್ಪನ ಹೆಗಲಿಗೇ ಎಸೆದ. "ಕೊಟ್ಟಿದ್ದು ವಾಪಸ್ ಇಸ್ಕೊಳಾ ಮಗ ಅಲ್ಲ ನಾನು. ತೆಗಿ ಓಗು. ಆದ್ರೆ ಕಲ್ಲು ಬಿಸಾಕ್ಬೇಡ ಕಣಪ್ಪಾ."

ರಾತ್ರಿ ಊಟಕ್ಕೆ ಕೂತಾಗ ಗದಿಗೆಪ್ಪ ತಾನೇ ವಿಷಯ ತೆಗೆದ. ರುದ್ರಮ್ಮ ಅವನ ಕಡೆ ತಿರುಗಿ ಕೂತಳು. ಕಲ್ಲು ಎಲ್ಲಿಡುವುದು ಎಂಬುದೇ ಸಮಸ್ಯೆಯಾಯಿತು. ಅಂಗಳದಲ್ಲಿ ಕಟ್ಟೆ ಮಾಡೋಣ ಎಂದಳು ರುದ್ರಮ್ಮ. ಪೂಜೆಯಾದ ಹೊಸ್ತಿಲ ಮೇಲೆ ಕೂರುವುದೇ ಎಂದ ಗದಿಗೆಪ್ಪ. ಎಡಗೈಯಲ್ಲಿ ಅನ್ನ ಕಲಸಲು ಹೆಣಗುತ್ತಿದ್ದ ಬಸಕ್ಕ ಇಬ್ಬರನ್ನೂ ನೋಡಿ ಬೇಸತ್ತಳು.

"ಕೀಳಬಾರದು ಅಂತೈತಿ," ಎಂದಳು. "ಇಳಸಬಾರದು ಅಂತ ಎಲ್ಲೈತಿ? ಇದ್ದಲ್ಲೇ ಕೆಳಗ ಇಳಸು. ನೆಲದ ಸಮ ಇರ್ಲಿ. ಹೊಸ್ತಿಲಾನೂ ಇರತೈತಿ, ಕೂಸೂ ಹೋಗತೈತಿ. ನಾ ಬಿದ್ದಂಗ ಇನ್ನೊಬ್ರು ಬೀಳೂದೂ ತಪ್ಪತೈತಿ."

"ನೀ ಸಾಲೀಗೆ ಬ್ಯಾಡ ಅಂತಿದ್ದೆಲ್ಲ ಆಯಿ?" ಎಂದಳು ಸ್ಫೂರ್ತಿ.

"ಈಗ ಎತ್ತಾಕ ಕೈ ಇಲ್ಲಲ್ಲವಾ ನಂಗ," ಎಂದಳು ಬಸಕ್ಕ. ಆಮೇಲೆ ಮೊಮ್ಮಗಳ ತಲೆ ಸವರಿ, "ಹೋಗಿ ಬಾ. ಬಂದು ನಂಗೂ ಸಹಿ ಮಾಡೂದು ಕಲಸು," ಎಂದಳು.

ಗದಿಗೆಪ್ಪ ತಾನೇ ತಿಕ್ಕಿ ಹೊಳಪು ತಂದಿದ್ದ ನೆಲವನ್ನು ಬಾಗಿಲುದ್ದಕ್ಕೂ ಒಡೆದ. ಕಲ್ಲನ್ನು ಹಾರೆಯಿಂದ ಎಬ್ಬಿಸಿ, ಅಡಿ ತೋಡಿ, ಮತ್ತೆ ಇಳಿಸಿ ಕೂರಿಸಿದ. ಮಟ್ಟಗೋಲು ಇಟ್ಟು ನೋಡಿದ್ದು ಸಾಲದೆ, ಅಂಗೈ ಇಟ್ಟು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರಿ ನೋಡಿದ. ಒಡೆದ ಜಾಗಕ್ಕೆ ಮತ್ತೆ ಕೆಂಪು ಹಾಕಿ ತಿಕ್ಕಿದ. ಕಾವ್ಯಾ ಬಂದು ನೋಡಿ, "ಅಣ್ಣ, ಸಕ್ಕತ್ತಾಗಿದೆ," ಎಂದಾಗ, "ಆತ್ರಿ ಮೇಡಂ," ಎಂದ. ಈ ಸಲ ಅವನಿಗೆ ಅದರ ಅರ್ಥ ಗೊತ್ತಿತ್ತು.

ರಾಜ್ಯೋತ್ಸವದ ದಿನ ಬೆಳಿಗ್ಗೆ ಕಟ್ಟಡ ತೆರೆದರು. ವಠಾರದವರು, ಕ್ಯಾಂಟೀನಿನ ಹೆಂಗಸರು, ಕಂಪನಿಯವರು, ಸೊಣ್ಣಪ್ಪನ ಮನೆಯವರು ಎಲ್ಲ ಸೇರಿದ್ದರು. ಬಸಕ್ಕ ನೆಲದ ಮಟ್ಟದ ಕಲ್ಲಿಗೆ ಎಡಗೈಯಿಂದಲೇ ಅರಿಶಿನ ಕಲಸಿ ದಪ್ಪಗೆ ಬಳಿದು, ಪದ್ಮದ ನಡುವೆ ಕುಂಕುಮ ಇಟ್ಟಳು. ಸೊಣ್ಣಪ್ಪ ರಿಬ್ಬನ್ ಕತ್ತರಿಸಿದ. ಮೊದಲು ಯಾರು ಒಳಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ಪಕ್ಕಕ್ಕೆ ಸರಿದರು.

ಸ್ಫೂರ್ತಿ ಹೊಸ ಸಮವಸ್ತ್ರದಲ್ಲಿ ಇಳಿಜಾರು ಏರಿದಳು. ಅರ್ಧದಲ್ಲಿ ಕುರ್ಚಿ ಒಂದಿಷ್ಟು ಹಿಂದಕ್ಕೆ ಜಾರಿತು. ಗದಿಗೆಪ್ಪ ಧಾವಿಸಿದ. ರುದ್ರಮ್ಮ ಅವನ ಶಾಲಿನ ತುದಿ ಹಿಡಿದು ಜಗ್ಗಿದಳು.

"ಬಿಡ್ರಿ ಅಕೀನ್ನ."

"ಬಿದ್ರ?"

"ಬೀಳೂದಿಲ್ಲ. ನೆಲಾ ನೀವ ಹಾಕೀರಿ."

ಅವನು ನಿಂತ. ಸ್ಫೂರ್ತಿ ಹಲ್ಲು ಕಚ್ಚಿ ಮತ್ತೆ ನೂಕಿದಳು, ಮೇಲೆ ಬಂದಳು, ಬಾಗಿಲಿಗೆ ಬಂದಳು. ಗಾಲಿ ಕಲ್ಲನ್ನು ಮುಟ್ಟಿತು, ಕಲ್ಲಿನ ಮೇಲೆ ಹೋಯಿತು, ದಾಟಿತು. ಎಲ್ಲೂ ನಿಲ್ಲಲಿಲ್ಲ. ಅವಳು ಹಿಂದೆ ತಿರುಗಿ ನೋಡದೆ ಕರಿಹಲಗೆಯವರೆಗೂ ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಕೈಗೆಟಕುವಷ್ಟು ಎತ್ತರದಲ್ಲಿ ತನ್ನ ಹೆಸರು ಬರೆದಳು. ಜನ ಚಪ್ಪಾಳೆ ತಟ್ಟಿದರು. ಗದಿಗೆಪ್ಪನಿಗೆ ಚಪ್ಪಾಳೆ ತಟ್ಟುವುದೂ ನೆನಪಾಗಲಿಲ್ಲ.

ಒಳಗೆ, ಅವನು ಕನ್ನಡಿಯಂತೆ ತಿಕ್ಕಿದ ಕೆಂಪು ನೆಲದ ಮೇಲೆ, ಬಾಗಿಲಿನಿಂದ ಕರಿಹಲಗೆಯವರೆಗೆ ಅರಿಶಿನದ ಎರಡು ಗೆರೆಗಳು ಬಿದ್ದಿದ್ದವು. ಶಿವಗಂಗಾ ಮೇಡಂ ಅವನ ಮುಖ ನೋಡಿ ಗಾಬರಿಯಾಗಿ, ಚಪ್ಪಲಿ ಹೊರಗೇ ಬಿಟ್ಟು, ಒರೆಸುವ ಬಟ್ಟೆ ಹುಡುಕತೊಡಗಿದರು.

"ಇರ್ಲಿ ಮೇಡಂ," ಎಂದ ಗದಿಗೆಪ್ಪ. "ಒರಸಬ್ಯಾಡ್ರಿ."